ಫ್ರೆಂಚಿಗೆ ಪ್ರಸ್ತಾರ

ಮೊನ್ನೆ ಪುತ್ತೂರಿನ ದರ್ಬೆಯ ಫ್ಯಾನ್ಸಿ ಅಂಗಡಿಯಲ್ಲಿ ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯೊಂದನ್ನು ಕೈಗೆತ್ತಿಕೊಂಡೆ. ನನಗಾಗಿ ಅಲ್ಲ, ನನ್ನ ಮುಖ ಯಾವ ಕ್ರೀಮಿಗೂ ಬಗ್ಗದ ಹಂತಕ್ಕೆ ಬಂದು ಬಹಳ ಕಾಲವಾಯಿತು. ತಂಗಿಯ ಮಗಳಿಗೆ ಏನಾದರೂ ಕೊಡಬೇಕಿತ್ತು. ಡಬ್ಬಿ ತಯಾರಾದದ್ದು ನಮ್ಮ ದೇಶದಲ್ಲೇ, ಹೆಸರು ಮಾತ್ರ ಫ್ರೆಂಚಿನದು: 'ಕ್ರೆಮ್ ದ ಬೊತೇ.' ಓದಿದ್ದೇ ತಡ, ನನ್ನ ಬೆರಳು ತಾನಾಗಿ ಗಾಜಿನ ಮೇಜಿನ ಮೇಲೆ ಹೊಡೆಯತೊಡಗಿತು. ಕ್ರೆಮ್, ದ, ಬೊ ಎಂದು ಮೂರು ಹಗುರ ಪೆಟ್ಟು, ತೇ ಎಂದು ಒಂದು ಭಾರದ ಪೆಟ್ಟು. ಅಂಗಡಿಯ ಹೆಂಗಸು ಕನಿಕರದಿಂದ ನೋಡಿ, "ಎಂತ ಅಕ್ಕ, ಕೈ ನಡುಗುದಾ?" ಎಂದು ಕೇಳಿದಳು. ನಡುಗುವುದಲ್ಲ, ಪ್ರಸ್ತಾರ ಹಾಕುವುದು ಎಂದೆ. ಅದಕ್ಕೂ ಆಯುರ್ವೇದದಲ್ಲಿ ಒಳ್ಳೆಯ ಎಣ್ಣೆ ಉಂಟು ಎಂದು ಅವಳು ಸಮಾಧಾನ ಹೇಳಿ ಕಳಿಸಿದಳು.

ಪ್ರಸ್ತಾರ ಎಂದರೆ ನಿಮಗೆ ನೆನಪಿರಬೇಕು. ಹೈಸ್ಕೂಲಿನ ಕನ್ನಡ ಪರೀಕ್ಷೆಯಲ್ಲಿ ಪದ್ಯದ ಸಾಲು ಕೊಟ್ಟು, ಒಂದೊಂದು ಅಕ್ಷರದ ತಲೆಯ ಮೇಲೂ ಲಘುವೋ ಗುರುವೋ ಎಂದು ಗುರುತು ಹಾಕಿಸುತ್ತಿದ್ದರಲ್ಲ, ಅದೇ. ಹಗುರದ ಅಕ್ಷರ ಲಘು, ಭಾರದ್ದು ಗುರು. ಅರ್ಥವಾಗದಿದ್ದರೂ ಅಂಕ ಸಿಗುತ್ತಿದ್ದ ಏಕೈಕ ಪ್ರಶ್ನೆ ಅದಾದ್ದರಿಂದ ಎಲ್ಲರಿಗೂ ಅದರ ಮೇಲೆ ಪ್ರೀತಿ. ಆ ವಿದ್ಯೆಯನ್ನು ಫ್ರೆಂಚ್ ಭಾಷೆಯ ಮೇಲೆ ಪ್ರಯೋಗಿಸಿದ ಜಗತ್ತಿನ ಏಕಮಾತ್ರ ತರಗತಿ ನಮ್ಮ ಪುತ್ತೂರಿನಲ್ಲಿತ್ತು. ಅದರಲ್ಲಿ ನಾನು ವಿದ್ಯಾರ್ಥಿನಿಯಾಗಿದ್ದೆ. ನಗಬೇಡಿ, ನಗುವುದಕ್ಕೆ ಮುಂದೆ ಬೇಕಾದಷ್ಟಿದೆ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು "ಹಲೋ ಸುಳ್ಯ, ಹಲೋ ಕಡಬ" ಎಂದು ಕೂಗುತ್ತಲೇ ಯೌವನ ಕಳೆಯಿತು. ಹುಟ್ಟಿದ್ದು ಸುಳ್ಯದ ಕಡೆ. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಗಡಿಯಾಚೆಯ ಲೈನು ಬಂದರೆ ಮಲಯಾಳ, ಮೇಲಧಿಕಾರಿ ಬಂದರೆ ಇಂಗ್ಲಿಷು. ನಮ್ಮ ಕಡೆ ಮೂರೇ ಭಾಷೆ ಬರುವವನು, ಪಾಪ, ಹೆಚ್ಚು ಓದದವನು ಅಂತಲೇ ಲೆಕ್ಕ. ಹಾಗಾಗಿ ನಿವೃತ್ತಿಯಾಗಿ ಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದ ದಿನಗಳಲ್ಲಿ, ದರ್ಬೆಯ ಟಯರ್ ಅಂಗಡಿಯ ಮಹಡಿಯ ಮೆಟ್ಟಿಲ ಬಳಿ 'ಇಲ್ಲಿ ಫ್ರೆಂಚ್ ಕಲಿಸಲಾಗುವುದು' ಎಂಬ ಬೋರ್ಡು ಕಂಡಾಗ, ಇನ್ನೊಂದು ಸೇರಿದರೆ ಯಾರ ಗಂಟೇನು ಹೋಗುತ್ತದೆ ಎಂದು ಹತ್ತಿಯೇಬಿಟ್ಟೆ. ಅಕ್ಕಪಕ್ಕದ ಹೆಂಗಸರು ಯೋಗಕ್ಕೆ ಹೋಗುತ್ತಿದ್ದರು. ನೆಲದ ಮೇಲೆ ಮಲಗಿ ಏಳುವುದಕ್ಕಿಂತ ಕುರ್ಚಿಯ ಮೇಲೆ ಕೂತು ಫ್ರೆಂಚು ಕಲಿಯುವುದು ಮಂಡಿಗೆ ಹಿತ ಎಂಬುದೂ ಒಂದು ಕಾರಣ. ಹೊಸ ಬಟ್ಟೆಯ ಚೀಲ, ಹೊಸ ಪೆನ್ನು, ಎರಡು ಜೊತೆ ಕನ್ನಡಕ. ತಯಾರಿಯಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಮೇಷ್ಟ್ರು ಕಡಬದವರು. ಕೇಶವ ಮಾಸ್ಟ್ರು ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ಆಯುಷ್ಯವಿಡೀ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದವರು. ರಜೆಯಲ್ಲಿ ತಾಳಮದ್ದಳೆಯ ಅರ್ಥಧಾರಿ. ವೇಷ ಕುಣಿತ ಏನೂ ಇಲ್ಲದೆ ಕೂತಲ್ಲೇ ಕೂತು ಪುರಾಣದ ಪಾತ್ರವಾಗಿ ಮಾತಾಡುವ ಕಲೆಯಲ್ಲವೆ ಅದು? ಅದರಲ್ಲಿ ಅವರು ಪೀಠಿಕೆಗೆ ಹೆಸರುವಾಸಿ. ಪಾತ್ರ ತನ್ನ ಹೆಸರು ಹೇಳಿಕೊಳ್ಳುವ ಮೊದಲು ಕುಲ, ಗೋತ್ರ, ಊರು, ಹವೆ, ಎಲ್ಲವನ್ನೂ ಹೇಳಿ ಮುಗಿಸಬೇಕು. ಅವರ ಕೃಷ್ಣ ಸಂಧಾನಕ್ಕೆ ಹೊರಟು ಹಸ್ತಿನಾವತಿಯ ಬಾಗಿಲು ತಲುಪುವಷ್ಟರಲ್ಲಿ ಎದುರಿನ ಕೌರವನಿಗೆ ತೂಕಡಿಕೆ ಬಂದಿರುತ್ತಿತ್ತಂತೆ. ಇಂಥವರಿಗೆ ಫ್ರೆಂಚು ಎಲ್ಲಿಂದ ಬಂತೆಂದರೆ, ಚಿಕ್ಕವರಿದ್ದಾಗ ಪಾಂಡಿಚೇರಿಯಲ್ಲಿ ಅಣ್ಣನ ಹೋಟೆಲಿನ ಗಲ್ಲಾದಲ್ಲಿ ಕೂತದ್ದರಿಂದ. ಫ್ರೆಂಚರ ಕಾಲದ ಪಿಂಚಣಿ ತಿನ್ನುತ್ತಿದ್ದ ಮುದುಕರೊಬ್ಬರು ದಿನಾ ಬಂದು, ಒಂದು ಕಾಫಿಗೆ ಒಂದು ಪಾಠ ಹೇಳಿಕೊಟ್ಟರಂತೆ. ಕಾಫಿ ಎಷ್ಟಾಯಿತು, ಪಾಠ ಎಷ್ಟಾಯಿತು ಎಂಬುದನ್ನು ಮಾಸ್ಟ್ರು ಎಂದೂ ಬಿಟ್ಟುಕೊಡಲಿಲ್ಲ. ನನ್ನ ಅಂದಾಜಿನಲ್ಲಿ ಪಾಠಕ್ಕಿಂತ ಕಾಫಿಯೇ ಹೆಚ್ಚು.

ಮೊದಲನೆಯ ದಿನ ಬೋರ್ಡಿನ ಮೇಲೆ 'ಶೊಕೊಲಾ' ಎಂದು ಕನ್ನಡದಲ್ಲಿ ಬರೆದರು. ಚಾಕೊಲೇಟಿನ ತವರುಮನೆಯ ಹೆಸರು. ಶೊ ಲಘು, ಕೊ ಲಘು, ಲಾ ಗುರು. ಸೀಮೆಸುಣ್ಣ ಕೆಳಗಿಟ್ಟು, ಕಣ್ಣು ಮುಚ್ಚಿ, "ಸಗಣ" ಎಂದರು. ಎರಡು ಲಘು ಒಂದು ಗುರು ಬಂದರೆ ಸಗಣವೇ, ಅದರಲ್ಲಿ ಅವರ ತಪ್ಪಿಲ್ಲ. ಆದರೆ ಹಿಂದಿನ ಸಾಲಿನಲ್ಲಿದ್ದ ಹೋಟೆಲ್ ಮ್ಯಾನೇಜ್‌ಮೆಂಟಿನ ಇಬ್ಬರು ಹುಡುಗಿಯರಿಗೆ ಚಾಕೊಲೇಟಿನ ಪಕ್ಕದಲ್ಲಿ ಆ ಶಬ್ದ ಕೇಳಿ ತಡೆಯಲಾಗಲಿಲ್ಲ. ಬಾಯಿಗೆ ಶಾಲು ತುರುಕಿಕೊಂಡು ಹೊರಗೆ ಹೋದವರು ಮತ್ತೆ ತರಗತಿಗೆ ಬರಲಿಲ್ಲ. ಮಾಸ್ಟ್ರಿಗೆ ಏನೂ ಅನಿಸಲಿಲ್ಲ. ಛಂದಸ್ಸು ಎಲ್ಲರ ಹೊಟ್ಟೆಗೆ ಒಗ್ಗುವುದಿಲ್ಲ ಎಂದು ಮುಂದುವರಿಸಿದರು.

ಗಲಾಟೆ ಶುರುವಾದದ್ದು 'ಮೆರ್ಸಿ'ಯಲ್ಲಿ. ಉಪಕಾರವಾಯಿತು ಎನ್ನುವುದಕ್ಕೆ ಫ್ರೆಂಚರು ಹೇಳುವ ಮಾತು. ಯಾರನ್ನೂ ನೋಯಿಸದ ಸಾಧು ಶಬ್ದ. ನಮ್ಮ ಛಂದಸ್ಸಿನ ಪ್ರಕಾರ ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗಬೇಕು. ಹಾಗಾದರೆ 'ಮೆ' ಗುರು. ಆದರೆ ಫ್ರೆಂಚರು ಭಾರ ಹಾಕುವುದು ಕೊನೆಯ 'ಸಿ'ಯ ಮೇಲೆ. ಮಾಸ್ಟ್ರ ಮುಖ ಸಣ್ಣಗಾಯಿತು. ಒಂದು ವಾರ ಅವರು ಫ್ರಾನ್ಸ್ ದೇಶದೊಂದಿಗೆ ಒಬ್ಬರೇ ಜಗಳವಾಡಿದರು. ಕೆಳಗೆ ಟಯರಿಗೆ ಸುತ್ತಿಗೆ ಬೀಳುತ್ತಿತ್ತು, ಮೇಲೆ ಮಾಸ್ಟ್ರು 'ಮೆರ್, ಮೆರ್' ಎಂದು ಮೇಜು ಗುದ್ದುತ್ತಿದ್ದರು. ಕಡೆಗೆ ಒಂದು ಸಂಜೆ ಬಂದು, ಫ್ರೆಂಚರಲ್ಲೂ ಮೊದಲು ಈ ನಿಯಮ ಇದ್ದಿರಲೇಬೇಕು, ನಡುವೆ ರಾಜನ ತಲೆ ಕಡಿಯುವ ಗಡಿಬಿಡಿಯಲ್ಲಿ ಕಳೆದುಹೋಗಿರಬೇಕು ಎಂದು ತೀರ್ಪು ಕೊಟ್ಟರು. ಫ್ರೆಂಚರು ಸೋತರು, ಪಾಠ ಮುಂದೆ ಹೋಯಿತು.

ಆಮೇಲೆ ಅವರು ಕಂಡುಹಿಡಿದ ಸೂತ್ರವನ್ನು ಮಾತ್ರ ನಾನು ಒಪ್ಪಲೇಬೇಕು. ಇಂಗ್ಲಿಷಿನವನ ಒತ್ತು ಎಲ್ಲಿ ಬೀಳುತ್ತದೆಂದು ಅವನಿಗೇ ಗೊತ್ತಿರುವುದಿಲ್ಲ, ಫ್ರೆಂಚಿನವನದ್ದು ಹಾಗಲ್ಲ. ಪದದ ಅಕ್ಷರಗಳನ್ನು ನಮ್ಮ ಕಾಗುಣಿತದ ಹಾಗೆ ಬಿಡಿಬಿಡಿಯಾಗಿ, ಸಮಸಮವಾಗಿ ಹೇಳಿಕೊಂಡು ಹೋಗಬೇಕು, ಭಾರ ಕೊನೆಯದಕ್ಕೆ. ಅದೂ ಪದಪದಕ್ಕೂ ಅಲ್ಲ, ಉಸಿರು ನಿಲ್ಲುವಲ್ಲಿ ಒಂದೇ ಒಂದು. "ನಮ್ಮ ಸಭೆಯ ಹಾಗೆಯೇ ಮಾರಾಯ್ರೆ," ಎಂದರು ಮಾಸ್ಟ್ರು. "ಸ್ವಾಗತದವ, ಪ್ರಾಸ್ತಾವಿಕದವ, ಎಲ್ಲ ಲಘು. ಮುಖ್ಯ ಅತಿಥಿ ಬರುದು ಕೊನೆಗೆ." ಇದಕ್ಕಿಂತ ಚಂದದ ವಿವರಣೆಯನ್ನು ಪ್ಯಾರಿಸಿನಲ್ಲೂ ಯಾರೂ ಕೊಟ್ಟಿರಲಿಕ್ಕಿಲ್ಲ. ಅದಲ್ಲದೆ ನಮ್ಮ ಕಡೆಯವರಿಗೆ ಇದು ಕಲಿಯಬೇಕಾದ ವಿದ್ಯೆಯೂ ಅಲ್ಲ. ಬರ್ತೀರಾ, ಉಂಟಾ, ಆಯ್ತಾ ಎಂದು ಬಾಲ ಎಳೆಯದೆ ನಾವು ಯಾವ ಮಾತು ಮುಗಿಸಿದ್ದೇವೆ ಹೇಳಿ. ಎಕ್ಸ್‌ಚೇಂಜಿನಲ್ಲಿ ಕೂತು ಕೇಳಿದವಳು ನಾನು. ಘಟ್ಟದ ಮೇಲಿನವರ ಮಾತು ತಲೆಯಲ್ಲಿ ಭಾರ, ನಮ್ಮದು ಬಾಲದಲ್ಲಿ.

ಒಂದೇ ತೊಂದರೆ ಎಂದರೆ ಪಾಠ ಮೊದಲನೆಯ ಅಧ್ಯಾಯ ದಾಟಲಿಲ್ಲ. 'ಹೇಗಿದ್ದೀರಿ' ಎನ್ನುವುದಕ್ಕೆ ಅವರಲ್ಲಿ 'ಕೊ-ಮಾಂ-ತಾ-ಲೇ-ವೂ' ಎನ್ನುತ್ತಾರೆ. ಹಿಂದಿನ ಪದದಲ್ಲಿ ಮೂಕವಾಗಿ ಕೂತಿದ್ದ 'ತ' ಎಂಬುದು ಮುಂದಿನ ಪದದ ಸ್ವರ ಕಂಡ ಕೂಡಲೇ ಎದ್ದು ಅದರ ಹೆಗಲೇರುತ್ತದೆ. ಇದು ಸಂಧಿ ಎಂದು ಮಾಸ್ಟ್ರಿಗೆ ಹೊಳೆದ ದಿನ ಅವರ ಕಣ್ಣಲ್ಲಿ ನೀರು ಬಂತು. ಅಲ್ಲಿಂದ ಸಂಧಿಯೇ ಸಂಧಿ. ಮಳೆಗಾಲ ಕಳೆಯಿತು, ಉಪ್ಪಿನಂಗಡಿಯಲ್ಲಿ ಹೊಳೆ ಏರಿ ಇಳಿಯಿತು, ನಾವು ಇನ್ನೂ ಒಬ್ಬರನ್ನೊಬ್ಬರು ಹೇಗಿದ್ದೀರಿ ಎಂದು ಕೇಳುತ್ತಲೇ ಇದ್ದೆವು. ಮನೆಯವರು ಹೇಗಿದ್ದಾರೆ, ತಾಯಿ ಹೇಗಿದ್ದಾರೆ, ಆರೋಗ್ಯ ಹೇಗೆ, ಬಿಸಿಲು ಹೇಗೆ, ಮಳೆ ಹೇಗೆ. ಕುಶಲ ಕೇಳುವುದರಲ್ಲಿ ನಮ್ಮನ್ನು ಮೀರಿಸುವವರಿರಲಿಲ್ಲ. ಒಂದು ಲೋಟ ನೀರು ಕೊಡಿ ಎಂದು ಕೇಳಲು ಮಾತ್ರ ಬರುತ್ತಿರಲಿಲ್ಲ. ಫ್ರಾನ್ಸಿಗೆ ಹೋಗಿದ್ದರೆ ಎಲ್ಲರ ಯೋಗಕ್ಷೇಮ ವಿಚಾರಿಸುತ್ತಾ ಬಾಯಾರಿ ಸಾಯುತ್ತಿದ್ದೆವು.

ಆ ಹೊತ್ತಿಗೆ ತರಗತಿಯಲ್ಲಿ ಉಳಿದವರು ನಾನು ಮತ್ತು ನಫೀಸಾ. ನನ್ನದು ಕಾಲಕ್ಷೇಪ, ಅವಳದ್ದು ಹಾಗಲ್ಲ. ಅವಳ ತಂದೆ ಹಮೀದ್ ಹಾಜಿಯವರದ್ದು ಉಪ್ಪಿನಂಗಡಿ ರಸ್ತೆಯಲ್ಲಿ ಗೇರುಬೀಜದ ಕಾರ್ಖಾನೆ. ಗೇರು ನಮ್ಮ ಗುಡ್ಡದಲ್ಲೇ ಬೆಳೆಯುತ್ತದಲ್ಲ ಎನ್ನಬೇಡಿ. ನಮ್ಮ ಗುಡ್ಡದ್ದು ಕಾರ್ಖಾನೆಯ ಹೊಟ್ಟೆಗೆ ಎಲ್ಲಿಗೂ ಸಾಲದು. ಸಿಪ್ಪೆ ಸಮೇತ ಇಡಿಯ ಬೀಜ ಬರುವುದು ಆಫ್ರಿಕದ ಐವರಿ ಕೋಸ್ಟಿನಿಂದ, ಹಡಗಿನಲ್ಲಿ. ಅಲ್ಲಿನವರು ವ್ಯಾಪಾರ ಮಾತಾಡುವುದು ಫ್ರೆಂಚಿನಲ್ಲಿ. ಹಾಜಿಯವರು ಪ್ರಾಯದಲ್ಲಿ ಅಲ್ಲಿಗೆ ಹೋಗಿ ಬಂದು, ಬಂದರಿನ ಫ್ರೆಂಚು ಕಿವಿಯಿಂದಲೇ ಕಲಿತಿದ್ದರು. ಮೂಸಾ ಎಂಬೊಬ್ಬ ಅಲ್ಲಿನ ವ್ಯಾಪಾರಿಯೊಂದಿಗೆ ವರ್ಷಗಟ್ಟಲೆ ಮಾತಿನ ಮೇಲೆಯೇ ವ್ಯವಹಾರ. ಅಷ್ಟರಲ್ಲಿ ಹಾಜಿಯವರ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ಸ್ವರ ಹೋಯಿತು. ಎಲ್ಲ ಕೇಳುತ್ತದೆ, ಎಲ್ಲ ತಿಳಿಯುತ್ತದೆ, ಬಾಯಿ ತೆರೆದರೆ ಬರೀ ಗಾಳಿ.

ಆಮೇಲೆ ಖರೀದಿಯ ಮಾತು ಹಾಜಿಯವರ ತಮ್ಮ ರಫೀಕನ ಕೈಗೆ ಹೋಯಿತು. ರಫೀಕ್ ಬಿಳಿ ಶರ್ಟಿನ, ಎರಡು ಫೋನಿನ, ಸದಾ ಅವಸರದ ಗಂಡಸು. ಅವನಿಗೆ ಬರುತ್ತಿದ್ದ ಫ್ರೆಂಚು ಒಂದೇ ಶಬ್ದ, 'ಪ್ರೀ', ಅಂದರೆ ರೇಟು. ಆಫ್ರಿಕಕ್ಕೆ ಫೋನು ಹಚ್ಚಿ ಸಲಾಂ ಹೇಳಿದವನೇ "ಪ್ರೀ? ಪ್ರೀ?" ಎಂದು ಪೊಲೀಸಿನವನ ಹಾಗೆ ಕೇಳುತ್ತಿದ್ದ. ಮೂಸಾ ನಿಧಾನವಾಗಿ ಜಾರಿಕೊಂಡರು. ಅವರ ಬದಲು ಯಾರೋ ದಲ್ಲಾಳಿಯಿಂದ ತರಿಸಿದ ಬೀಜ ಅರ್ಧಕ್ಕರ್ಧ ಬೂಷ್ಟು ಹಿಡಿದು ಬಂತು. ರಫೀಕ್ ಆಗ ಕಂಡುಕೊಂಡ ಪರಿಹಾರವೆಂದರೆ ಖರೀದಿಯನ್ನೇ ಮಂಗಳೂರಿನ ಏಜೆಂಟನೊಬ್ಬನಿಗೆ ಒಪ್ಪಿಸುವುದು. ನಫೀಸಾ ಬಿ.ಕಾಂ. ಓದಿದವಳು, ಗಂಡ ಸೌದಿಯ ದಮ್ಮಾಮಿನಲ್ಲಿ, ಕಾರ್ಖಾನೆಯಲ್ಲಿ ಗಾತ್ರ, ಬಣ್ಣ ನೋಡಿ ಬೀಜ ಜಾತಿ ಮಾಡುವ ಇಡೀ ವಿಭಾಗ ಅವಳ ಕಣ್ಣಳತೆಯಲ್ಲಿ ನಡೆಯುತ್ತಿತ್ತು. ಖರೀದಿ ತನಗೆ ಬೇಕು ಎಂದು ಅವಳು ತಂದೆಯ ಎದುರು ಬಾಯಿಬಿಟ್ಟು ಕೇಳಿದ್ದಳು. ಹಾಜಿಯವರು ಆಗಲಿ ಎಂದು ತಲೆಯಾಡಿಸಿದ್ದರು. ಈ ಸಲದ ಹಂಗಾಮಿಗೆ ಮೂಸಾರನ್ನು ಅವಳು ಮಾತಾಡಿಸಿ ಮತ್ತೆ ವ್ಯಾಪಾರಕ್ಕೆ ತಂದರೆ ಖರೀದಿ ಅವಳಿಗೆ, ಇಲ್ಲವಾದರೆ ಏಜೆಂಟನಿಗೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಮಹಡಿಯ ಮೆಟ್ಟಿಲಲ್ಲಿ, ಮಾಸ್ಟ್ರಿಗೆ ಕಾಯುತ್ತಾ. ಹಂಗಾಮು ಹತ್ತಿರ ಬಂದಿತ್ತು. ಲೆಕ್ಕದ ಅಂಕಿಗಳನ್ನು ಮೊಬೈಲು ನೋಡಿ ತಾನೇ ಬಾಯಿಪಾಠ ಮಾಡಿದ್ದಳು. ಉಳಿದದ್ದಕ್ಕೆ ಮಾಸ್ಟ್ರೇ ಗತಿ. ಮಾಸ್ಟ್ರ ಹತ್ತಿರ ಹೋಗಿ, ದಯವಿಟ್ಟು ವ್ಯಾಪಾರದ ನಾಲ್ಕು ಮಾತು ಕಲಿಸಿ ಎಂದು ನಾನೇ ಸ್ವಲ್ಪ ಗಟ್ಟಿಯಾಗಿ ಕೇಳಿದೆ. ಅವರು ಬೇಸರದಿಂದ ನನ್ನನ್ನು ನೋಡಿದರು. ಪೀಠಿಕೆ ಇಲ್ಲದೆ ಯಾವ ಪಾತ್ರ ಮಾತಾಡಿದೆ? ಪೀಠಿಕೆ ಗಟ್ಟಿಯಾದರೆ ಅರ್ಥ ತಾನಾಗಿ ಬರುತ್ತದೆ. ಅಷ್ಟು ಹೇಳಿ ಬೋರ್ಡಿನ ಕಡೆ ತಿರುಗಿ, 'ಎ ಲಾ ಫಾಮೀಯ್', ಮನೆಯವರು ಹೇಗಿದ್ದಾರೆ ಎಂದು ಮತ್ತೆ ಬರೆದರು. ನನಗೆ ಮೈಯೆಲ್ಲ ಉರಿಯಿತು. ಒಬ್ಬ ಹೆಂಗಸಿನ ಬದುಕು ಇವರ ಲಘು ಗುರುವಿನ ನಡುವೆ ಸಿಕ್ಕಿ ಜಜ್ಜಿಹೋಗುತ್ತದಲ್ಲಾ ಎಂದು ಆ ರಾತ್ರಿ ಊಟ ಸೇರಲಿಲ್ಲ. ನಫೀಸಾ ಮಾತ್ರ ಸುಮ್ಮನೆ ಬೆರಳಲ್ಲಿ ಮೇಜು ತಟ್ಟುತ್ತಾ ಹೇಳಿಕೊಟ್ಟದ್ದನ್ನು ಹೇಳುತ್ತಿದ್ದಳು.

ಫೋನು ಮಾಡುವ ದಿನ ನನ್ನನ್ನೂ ಬರಹೇಳಿದಳು. ದೂರದ ಲೈನಿನ ಗರಗರಕ್ಕೆ ಹೆದರದವರು ಯಾರಾದರೂ ಪಕ್ಕದಲ್ಲಿ ಬೇಕೆಂದಳು. ಮಾಸ್ಟ್ರು ಯಾರೂ ಕರೆಯದೆ ಬಂದರು, ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು. ಕಾರ್ಖಾನೆಯ ಆಫೀಸು, ಬೆಳಗಿನ ಹೊತ್ತು, ಹೊರಗೆ ಸಿಪ್ಪೆ ಸುಡುವ ಘಾಟು ವಾಸನೆ. ಹಾಜಿಯವರು ಮಗಳ ಪಕ್ಕದಲ್ಲಿ ಕೂತು, ಹೆಗಲ ಶಾಲನ್ನು ತೆಗೆದು ಅವಳ ಕೈಯ ಮೇಲೆ ಹಾಸಿ, ಅದರಡಿಗೆ ತಮ್ಮ ಕೈ ಇಟ್ಟರು. ನನಗೆ ಕೂಡಲೇ ಅರ್ಥವಾಯಿತು. ಹಳೆಯ ದನದ ಸಂತೆಗಳಲ್ಲಿ ದಲ್ಲಾಳಿಗಳು ಹಾಗೆಯೇ ಹೆಗಲ ಬೈರಾಸಿನ ಅಡಿಯಲ್ಲಿ ಬೆರಳು ಹಿಡಿದು ಕ್ರಯ ಹೇಳುತ್ತಿದ್ದರು. ಸುತ್ತ ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲ. ರಫೀಕ್ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟು, ಸೀದಾ ರೇಟು ಕೇಳಿ ಮುಗಿಸು, ತನಗೆ ಮಂಗಳೂರಿಗೆ ಹೋಗಲಿಕ್ಕುಂಟು ಎಂದ.

ನಫೀಸಾ ಸಲಾಂ ಹೇಳಿದಳು. ಆಮೇಲೆ ಕೊ, ಮಾಂ, ತಾ, ಲೇ, ವೂ. ಒಂದೊಂದು ಅಕ್ಷರವೂ ಬೀಜ ಎಣಿಸಿ ಇಟ್ಟ ಹಾಗೆ ಬಿತ್ತು, ಕೊನೆಯದು ನಿಂತಿತು. ಆಚೆಯಿಂದ ಉತ್ತರ ಬಂತು. ಮನೆಯವರು? ಉತ್ತರ ಬಂತು. ತಾಯಿ? ಅವರ ಆರೋಗ್ಯ? ಮಕ್ಕಳು? ಬಿಸಿಲು? ಮಳೆ? ರಫೀಕ್ ವಾಚು ನೋಡಿದ, ಕೆಮ್ಮಿದ, ಕೈಯಲ್ಲಿ 'ಮುಂದೆ, ಮುಂದೆ' ಎಂದು ಸನ್ನೆ ಮಾಡಿದ. ಮುಂದೆ ಹೋಗಲು ಅವಳ ಹತ್ತಿರ ಏನಿತ್ತು ಪಾಪ. ಇದ್ದದ್ದೆಲ್ಲ ಪೀಠಿಕೆಯೇ. ಕೇಳುವುದೆಲ್ಲ ಮುಗಿಯಿತು. ನಾನು ಬಗ್ಗಿ ಫೋನಿಗೆ ಕಿವಿ ಕೊಟ್ಟೆ. ಲೈನು ಸತ್ತಿರಲಿಲ್ಲ, ಸತ್ತ ಲೈನು ಯಾವುದೆಂದು ನನಗೆ ಗೊತ್ತಾಗುತ್ತದೆ. ಮನುಷ್ಯನೊಬ್ಬ ಅಲ್ಲಿ ಉಸಿರಾಡುತ್ತಿದ್ದ.

ಆಮೇಲೆ ಮೂಸಾ ಮಾತಾಡಿದರು, ಮೆಲ್ಲಗೆ, ತುಸು ಉದ್ದಕ್ಕೆ. ನನಗೂ ರಫೀಕನಿಗೂ ತಲೆಬುಡ ತಿಳಿಯಲಿಲ್ಲ. ಹಾಜಿಯವರ ಮುಖ ಮಾತ್ರ ಕುಸಿಯಿತು. ಮಾಸ್ಟ್ರು ಬಗ್ಗಿ ನನ್ನ ಕಿವಿಯಲ್ಲಿ, ತಾಳಮದ್ದಳೆಯ ಸ್ವರವೆಲ್ಲ ಬಿಟ್ಟು, ಅರ್ಥ ಹೇಳಿದರು: "ಹೀಗೆ ಕೇಳ್ತಿದ್ದದ್ದು ಹಮೀದ್ ಒಬ್ರೇ ಅಂತೆ. ಅವರು ತೀರಿಹೋದ್ರು ಅಂತ ಇವ್ರು ತಿಳ್ಕೊಂಡಿದ್ರಂತೆ. ಮತ್ತೆ ಯಾರೂ ಅವರ ಹೆಸರು ಎತ್ಲಿಲ್ಲಂತೆ." ಹಾಜಿಯವರು ಫೋನಿನ ಮೇಲೆ ಬಾಗಿದರು. ಬಾಯಿ ತೆರೆದರು. ಬಂದದ್ದು ಬರೀ ಗಾಳಿ, ಮತ್ತೊಮ್ಮೆ ಗಾಳಿ. ಆಚೆಯಿಂದ ಮೂಸಾ, "ಹಮೀದ್?" ಎಂದರು, ಭಾರವನ್ನೆಲ್ಲ ಕೊನೆಗೆ ಹಾಕಿ. ನಫೀಸಾ 'ವಿ' ಎಂದಳು, ಹೌದು ಎಂದು. ನನಗೆ ಅಳು ತಡೆಯಲಿಲ್ಲ. ನಿಮಗೂ ತಡೆಯುತ್ತಿರಲಿಲ್ಲ, ಸುಮ್ಮನೆ ಧೈರ್ಯ ತೋರಿಸಬೇಡಿ. ರೇಟಿನ ಮಾತು ಆಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೂಸಾ ಒಂದು ಅಂಕಿ ಹೇಳುವರು, ಶಾಲಿನಡಿಯಲ್ಲಿ ಬೆರಳು ಆಡುವುದು, ನಫೀಸಾ ಇನ್ನೊಂದು ಅಂಕಿ ಹೇಳುವಳು. ಆ ವರ್ಷ ಬಂದ ಬೀಜ ಒಡೆದರೆ ತಿರುಳು ಹಾಲಿನಂತಿತ್ತು.

ಇಲ್ಲಿಗೆ ಮುಗಿದಿದ್ದರೆ ನಮ್ಮೂರು ನಮ್ಮೂರಾಗುತ್ತಿರಲಿಲ್ಲ. ಏನಾದರೂ ಒಳ್ಳೆಯದು ಆಯಿತೆಂದರೆ ನಮ್ಮಲ್ಲಿ ತಕ್ಷಣ ಒಬ್ಬರಿಗೆ ಶಾಲು ಹೊದೆಸಬೇಕು. ಯಾರು ಮಾಡಿದ್ದು ಎಂಬುದು ಆಮೇಲಿನ ವಿಚಾರ. ಉಪ್ಪಿನಂಗಡಿಯ ಒಂದು ಸಭಾಭವನದಲ್ಲಿ ಕೇಶವ ಮಾಸ್ಟ್ರಿಗೆ ಸನ್ಮಾನವೆಂದು ಆಮಂತ್ರಣ ಬಂತು. ಅಧ್ಯಕ್ಷತೆ ರಫೀಕ್. ಶುಭಾಶಂಸನೆ, ಅಭಿನಂದನಾ ನುಡಿ, ಉಪಸ್ಥಿತಿ, ವಂದನಾರ್ಪಣೆ, ಎಲ್ಲಕ್ಕೂ ಹೆಸರಿತ್ತು. ನಫೀಸಾಳ ಹೆಸರು ಲಘು ಉಪಾಹಾರದ ಹತ್ತಿರವೂ ಇರಲಿಲ್ಲ. ಹಾಜಿಯವರನ್ನು ವೇದಿಕೆಯ ತುದಿಯಲ್ಲಿ ಕೂರಿಸಿದ್ದರು, ಮಾತಾಡುವ ಅಪಾಯ ಇಲ್ಲವಲ್ಲ. ನಫೀಸಾ ಹಿಂದೆ ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದಳು.

ಮಾಸ್ಟ್ರಿಗೆ ಹಾರ ಬಿತ್ತು, ಪೇಟ ಏರಿತು, ಹಣ್ಣಿನ ಬುಟ್ಟಿ ಮಡಿಲಿಗೆ ಬಂತು. ಮೈಕು ಕೈಗೆ ಸಿಕ್ಕಿದ ಕೂಡಲೇ ಅವರು ಸಗಣದಿಂದ ಶುರುಮಾಡಿದರು. ಕನ್ನಡದ ಛಂದಸ್ಸು ಸಮುದ್ರ ದಾಟಿ ಆಫ್ರಿಕವನ್ನು ಗೆದ್ದದ್ದನ್ನು ಸವಿಸ್ತಾರವಾಗಿ ಹೇಳಿದರು. ಗೆದ್ದವಳ ಹೆಸರು ಅವರಿಗೆ ಮರೆತುಹೋಗಿತ್ತು. ಕೆಟ್ಟ ಮನುಷ್ಯರಲ್ಲ ಅವರು. ಶಾಲು ಬಿದ್ದಾಗ ಯಾರಿಗಾದರೂ ಸ್ವಲ್ಪ ಹೊತ್ತು ಕಣ್ಣು ಕಾಣುವುದಿಲ್ಲ. ಆಮೇಲೆ ರಫೀಕ್ ಎದ್ದ. ಈ ಯಶಸ್ಸಿನಿಂದ ಸಂಸ್ಥೆಗೆ ಧೈರ್ಯ ಬಂದಿದೆ, ಮುಂದಿನ ಹಂಗಾಮಿನಿಂದ ಮಂಗಳೂರಿನ ಅನುಭವಿ ಏಜೆಂಟರೊಬ್ಬರು ಮೂಸಾ ಅವರ ಜೊತೆ ವ್ಯವಹರಿಸುತ್ತಾರೆ, ಮನೆಯ ಮಗಳಿಗೂ ಸ್ವಲ್ಪ ವಿಶ್ರಾಂತಿ ಬೇಕಲ್ಲ ಎಂದ. ಜನ ಚಪ್ಪಾಳೆ ತಟ್ಟಿದರು. ವಿಶ್ರಾಂತಿ ಎಂದರೆ ನಮ್ಮವರು ಯಾವತ್ತೂ ತಟ್ಟುತ್ತಾರೆ. ನಫೀಸಾಳ ಕೈ ಮಡಿಲಲ್ಲಿ ತಣ್ಣಗೆ ಕೂತಿತ್ತು. ವೇದಿಕೆಯ ಮೇಲೆ ಹಾಜಿಯವರು ಕೈಯೆತ್ತಿ ಏನೋ ಹೇಳಲು ಹೊರಟರು. ಪಕ್ಕದವನು ನೀರಿನ ಬಾಟಲಿ ಕೊಟ್ಟು ಕೂರಿಸಿದ.

ಅಲ್ಲಿಗೆ ಬಿಟ್ಟಿದ್ದರೆ ರಫೀಕನ ಕಾರ್ಯ ಆಗಿಹೋಗುತ್ತಿತ್ತು. ಆದರೆ ಸಭೆ ಕಂಡರೆ ಸುಮ್ಮನಿರುವುದು ಅವನ ಜಾಯಮಾನವಲ್ಲ. ಆಫ್ರಿಕದಿಂದಲೇ ಒಂದು ಶುಭ ಸಂದೇಶ ಕೇಳೋಣ ಎಂದು ಮೂಸಾಗೆ ಫೋನು ಹಚ್ಚಿ, ಮೈಕಿನ ಹತ್ತಿರ ಹಿಡಿದ. ಸಲಾಂ ಆಯಿತು. ಮೂಸಾ ಕಾದರು, ಕುಶಲ ಕೇಳಬಹುದೆಂದು. ರಫೀಕನಿಗೆ ಮುಂದೆ ಬರುವ ಶಬ್ದ ಒಂದೇ. ಅದನ್ನು ಸಭೆಯಲ್ಲಿ ಕೇಳುವ ಹಾಗಿಲ್ಲ. ಮಾಸ್ಟ್ರು ಧೈರ್ಯದಿಂದ ಮೈಕಿಗೆ ಬಾಗಿ, ಅರ್ಥಗಾರಿಕೆಯ ಗತ್ತಿನಲ್ಲಿ ಲಘು ಗುರು ತಪ್ಪದೆ ಒಂದು ಉದ್ದದ ಮಾತು ಬಿಟ್ಟರು. ಅವರ ಫ್ರೆಂಚು ಪಿಂಚಣಿಯ ಮುದುಕರೊಂದಿಗೇ ತೀರಿಹೋದದ್ದಿರಬೇಕು. ಮೂಸಾ ಗೌರವದಿಂದ ಕೇಳಿ ಮುಗಿಸಿ, "ಊ ಎ ನಫೀಸಾ?" ಎಂದರು. ಎಲ್ಲಿದ್ದಾಳೆ ಎಂದು. ಇದಕ್ಕೆ ಅರ್ಥ ಹೇಳುವವರು ಬೇಕಾಗಲಿಲ್ಲ. ಅವಳು ಕೆಲಸದಲ್ಲಿದ್ದಾಳೆ ಎಂಬಂತೆ ರಫೀಕ್ ಏನೋ ಇಂಗ್ಲಿಷಿನಲ್ಲಿ ಗೊಣಗಿದ. "ನಫೀಸಾ," ಎಂದಿತು ಮೈಕು ಇನ್ನೊಮ್ಮೆ, ಇಡೀ ಸಭಾಭವನಕ್ಕೆ ಕೇಳುವಂತೆ.

ಅಧ್ಯಕ್ಷರು ವೇದಿಕೆಯಿಂದ ಇಳಿದರು. ಫೋನನ್ನು ದೀಪದ ಹಾಗೆ ಮುಂದೆ ಹಿಡಿದುಕೊಂಡು, ಗಂಡಸರ ಸ್ಥಳ ದಾಟಿ, ಕುರ್ಚಿಗಳ ನಡುವೆ ಹೊಟ್ಟೆ ಒಳಗೆಳೆದುಕೊಂಡು, ಹೆಂಗಸರ ಕೊನೆಯ ಸಾಲಿನವರೆಗೆ ಬಂದರು. ನಫೀಸಾ ಎದ್ದು ಫೋನು ತೆಗೆದುಕೊಂಡಳು, ಮೊದಲು ಸ್ಪೀಕರ್ ಬಂದ್ ಮಾಡಿದಳು, ಆಮೇಲೆ ಹೊರಗಿನ ಜಗಲಿಗೆ ಹೋದಳು. ಕಿಟಕಿಯಿಂದ ನಮಗೆ ಕಾಣುತ್ತಿತ್ತು. ನಿಧಾನವಾಗಿ ಅತ್ತಿಂದಿತ್ತ ನಡೆಯುತ್ತಾ ಮನೆಯವರನ್ನು ಕೇಳಿದಳು, ತಾಯಿಯನ್ನು ಕೇಳಿದಳು, ನಕ್ಕಳು. ಹಂಗಾಮಿಡೀ ಮೂಸಾರೊಂದಿಗೆ ಮಾತಾಡಿ ಅವಳ ಫ್ರೆಂಚು ಆಗಲೇ ಪೀಠಿಕೆ ದಾಟಿತ್ತು. ಅವಳಿಗೆ ಯಾವ ಅವಸರವೂ ಇರಲಿಲ್ಲ. ವಂದನಾರ್ಪಣೆಯವನು ಚೀಟಿ ಹಿಡಿದು ನಿಂತಿದ್ದ, ಉಪಾಹಾರದ ಅಂಬಡೆ ತಣ್ಣಗಾಗುತ್ತಿತ್ತು, ಅಧ್ಯಕ್ಷರು ನನ್ನ ಪಕ್ಕದ ಖಾಲಿ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು. ಕೂತುಕೊಳ್ಳಿ ಎಂದು ನಾನು ಹೇಳಲಿಲ್ಲ.

ಅವಳು ಒಳಗೆ ಬಂದು ಫೋನನ್ನು ರಫೀಕನ ಕೈಗಿಟ್ಟು ಹೇಳಿದಳು, ಸ್ವರ ಏರಿಸದೆ: "ಚಿಕ್ಕಪ್ಪ, ಮುಂದಿನ ಹಂಗಾಮಿಗೆ ಯಾರು ಮಾತಾಡುದು ಅಂತ ಅವರು ಕೇಳಿದ್ರು. ನಾನು ಅಂತ ಹೇಳಿದ್ದೇನೆ. ಏಜೆಂಟಿಗೆ ಬರುದು ಬೇಡ ಅಂತ ನೀವು ಹೇಳ್ತೀರಾ, ನಾನೇ ಹೇಳ್ಬೇಕಾ?"

ಎಲ್ಲರೂ ರಫೀಕನ ಬಾಯಿಯನ್ನೇ ನೋಡುತ್ತಿದ್ದರು. ಎದುರು ವೇದಿಕೆಯ ತುದಿಯಲ್ಲಿ ಹಾಜಿಯವರು ನಿಂತುಬಿಟ್ಟಿದ್ದರು, ಈ ಸಲ ಬಾಟಲಿ ಕೊಟ್ಟವನನ್ನು ಬದಿಗೆ ಸರಿಸಿ. ರಫೀಕ್ ಅಣ್ಣನನ್ನು ನೋಡಿದ, ಫೋನನ್ನು ನೋಡಿದ. ತಾನೇ ಹೇಳುತ್ತೇನೆ ಎಂದ.

ಅದಾಗಿ ಕೆಲವು ವರ್ಷಗಳಾದವು. ಖರೀದಿ ಈಗಲೂ ನಫೀಸಾಳ ಕೈಯಲ್ಲೇ ಇದೆ. ಮಾಸ್ಟ್ರು ಫ್ರೆಂಚು ಬಿಟ್ಟು ಜರ್ಮನ್ ಹಿಡಿಯುವ ಆಲೋಚನೆಯಲ್ಲಿದ್ದಾರೆ. ಅದರಲ್ಲಿ ಒತ್ತಕ್ಷರ ಧಾರಾಳ ಉಂಟಂತೆ, ಲಘುವೇ ಅಪರೂಪವಂತೆ. ಮೊನ್ನೆ ಆ ಕ್ರೀಮಿನ ಡಬ್ಬಿಯನ್ನು ತಂಗಿಯ ಮಗಳಿಗೆ ಕೊಟ್ಟು ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ನಮ್ಮ ಲೇಔಟಿನ ಸಂಘದ ಕಾರ್ಯದರ್ಶಿಯ ಫೋನು ಬಂತು. ನಮ್ಮ ಮನೆಯೆದುರಿನ ಚರಂಡಿಯನ್ನು ಯಾವ ಬದಿಗೆ ತಿರುಗಿಸುವುದು ಎಂದು ಆ ಸಂಜೆ ತೀರ್ಮಾನವಂತೆ. "ಮೇಡಂ, ಮನೆಯಲ್ಲಿ ಗಂಡಸರು ಯಾರಾದ್ರೂ ಇದ್ರೆ ಸ್ವಲ್ಪ ಫೋನ್ ಕೊಡಿ," ಎಂದರು, ಬಹಳ ವಿನಯದಿಂದ. ಮಗ ಒಳಗೇ ಇದ್ದ. ಚರಂಡಿ ಯಾವ ಬದಿಗಿದೆ ಎಂದು ಅವನಿಗೆ ಗೊತ್ತಿಲ್ಲ. ನಾನು ಕುರ್ಚಿ ಎಳೆದು ಕೂತು, ಮೊದಲು ಅವರ ತಾಯಿಯ ಆರೋಗ್ಯ ಕೇಳಿದೆ, ಮಗಳ ಪರೀಕ್ಷೆ ಕೇಳಿದೆ, ಆಮೇಲೆ ಚರಂಡಿಯ ವಿಷಯ ನನ್ನ ಹತ್ತಿರವೇ ಹೇಳಬೇಕು ಎಂದೆ. ಆಚೆ ಕಡೆ ಅವರು ಗಂಟಲು ಸರಿಮಾಡಿಕೊಂಡು, ಅಲ್ಲ ಮೇಡಂ, ಗಂಡಸರು ಯಾರಾದ್ರೂ, ಎಂದು ಮತ್ತೆ ಶುರುಮಾಡಿದರು. ಆಯುಷ್ಯವಿಡೀ ಕೇಳಿದವರಿಗೆಲ್ಲ ಕೇಳಿದವರ ಲೈನು ಕೊಟ್ಟವಳು ನಾನು. ಈ ಸಲ ಕೊಡಲಿಲ್ಲ.